ಆವಕ, ಜಾವಕ

ಎಂಟನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದೆ. ಬೆಂಗಳೂರನ್ನು ಕಟ್ಟಿದವರು ಯಾರು ಎಂದರೆ ಇಡೀ ತರಗತಿ ಒಂದೇ ಉಸಿರಿಗೆ ‘ಕೆಂಪೇಗೌಡ’ ಎನ್ನುತ್ತದೆ. 1537 ಎಂದು ಇಸವಿಯನ್ನೂ ಸೇರಿಸುವ ಜಾಣರು ಪ್ರತಿವರ್ಷ ಇಬ್ಬರು ಮೂವರಾದರೂ ಸಿಗುತ್ತಾರೆ. ಆ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಿಸ್, ಹಾಗಾದ್ರೆ ನಮ್ಮ ಯಲಹಂಕ ಉಪನಗರ ಕಟ್ಟಿದ್ದು ಯಾರು?’ ಎಂದಳು. ‘ಹೌಸಿಂಗ್ ಬೋರ್ಡಿನವರಮ್ಮ’ ಎಂದೆ. ‘ಬೋರ್ಡಿನವರು ಅಂದ್ರೆ ಯಾರು ಮಿಸ್?’ ಎಂದು ಅವಳು ಮುಂದುವರಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬಚಾವಾದೆ.

ಮನೆಗೆ ಬಂದರೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ಅಟ್ಟದ ಮೇಲೆ ಅಮ್ಮನ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿ ಮರದ ಹಿಡಿಯ ಒಂದು ದಬ್ಬಳ, ಕಡತ ಹೊಲಿಯುವ ಬಿಳಿ ದಾರದ ಉಂಡೆ, ಕಾಗದ ಎಣಿಸುವಾಗ ಬೆರಳಿಗೆ ಹಾಕಿಕೊಳ್ಳುವ ರಬ್ಬರಿನ ಟೋಪಿ, ಅರ್ಧ ಸವೆದ ಟೈಪಿನ ರಬ್ಬರು, ಇಷ್ಟೇ ಇರುವುದು. ಇಪ್ಪತ್ತಾರು ವರ್ಷ ಅಮ್ಮ ನಗರದಲ್ಲಿ ಮನೆ, ನಿವೇಶನ ಹಂಚುವ ಒಂದು ಕಚೇರಿಯಲ್ಲಿ ದುಡಿದಳು. ಅಂಥ ಕಚೇರಿಗಳು ನಮ್ಮ ಊರಿನಲ್ಲಿ ಒಂದೆರಡಲ್ಲ. ಅಮ್ಮನದು ಯಾವುದೆಂದು ಹೇಳುವುದು ಈ ಬರಹಕ್ಕೆ ಬೇಕಿಲ್ಲ. ‘ಬೋರ್ಡಿನವರು ಅಂದ್ರೆ ಯಾರು’ ಎಂಬುದಕ್ಕೆ ನನ್ನ ಮಟ್ಟಿಗೆ ಉತ್ತರ ಆ ಪೆಟ್ಟಿಗೆಯಲ್ಲಿತ್ತು. ಆದರೆ ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆಂಪೇಗೌಡರ ಕಾಲದಲ್ಲಿ ನಿವೇಶನಕ್ಕೆ ಅರ್ಜಿ ಹಾಕುವ ಪದ್ಧತಿ ಇದ್ದಂತೆ ಕಾಣದು. ಯಲಹಂಕ ನಾಡಿನ ಪ್ರಭುಗಳು ಹೊಸ ಊರು ಕಟ್ಟಿದಾಗ ಕಸುಬಿಗೊಂದು ಪೇಟೆ ಎಂಬ ಲೆಕ್ಕದಲ್ಲಿ ಜನ ನೆಲೆಯಾದರು. ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಮುಂದೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದಾಗ ಕಾಗದದ ರಾಜ್ಯಭಾರ ಬಲಿಯಿತು. ಈಗ ಹೈಕೋರ್ಟು ಇರುವ ಕೆಂಪು ಕಟ್ಟಡ 1868ರಲ್ಲಿ ಸಿದ್ಧವಾದದ್ದು ಸರ್ಕಾರದ ಕಚೇರಿಗಳಿಗಾಗಿ. ಹದಿನೆಂಟು ಇಲಾಖೆಗಳ ಲೆಕ್ಕದಲ್ಲಿ ಅದಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂತು. ದಫ್ತರ, ಗುಮಾಸ್ತ, ಶಿರಸ್ತೇದಾರ, ಷರಾ ಎಂಬ ಪಾರಸಿ ಮೂಲದ ಮಾತುಗಳೆಲ್ಲ ಅಷ್ಟು ಹೊತ್ತಿಗೆ ನಮ್ಮ ಕನ್ನಡದಲ್ಲಿ ಮನೆಯ ಮಕ್ಕಳಂತೆ ಓಡಾಡಿಕೊಂಡಿದ್ದವು.

ಮನೆ ಕಟ್ಟಲು ಜಾಗ ಕೊಡುವ ಕೆಲಸವನ್ನು ಸರ್ಕಾರ ದೊಡ್ಡದಾಗಿ ಕೈಗೆತ್ತಿಕೊಳ್ಳುವಂತೆ ಮಾಡಿದ್ದು ಪ್ಲೇಗು. 1898ರಲ್ಲಿ ಮಹಾಮಾರಿ ಬೆಂಗಳೂರಿಗೆ ಬಂದಾಗ ಪೇಟೆಯ ಒತ್ತೊತ್ತಿನ ಮನೆಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಆಗ ಶೇಷಾದ್ರಿ ಅಯ್ಯರ್ ದಿವಾನರು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಎರಡು ಬಡಾವಣೆಗಳು ನೇರ ರಸ್ತೆ, ಅಗಲ ನಿವೇಶನಗಳೊಂದಿಗೆ ಎದ್ದವು. ನೇರ ರಸ್ತೆ ಎಳೆಯುವುದು ಎಂಜಿನಿಯರನ ಕೆಲಸ. ಆದರೆ ಎಷ್ಟನೆಯ ನಂಬರಿನ ನಿವೇಶನ ಯಾರಿಗೆ ಎಂದು ಒಂದು ಪುಸ್ತಕದಲ್ಲಿ ಗೆರೆ ಹೊಡೆದು ಬರೆಯುವವನು ಬೇಡವೇ? ನಮ್ಮ ಊರಿನ ಬಡಾವಣೆಗಳ ಚರಿತ್ರೆಯಲ್ಲಿ ಗುಮಾಸ್ತ ಕಾಲಿಟ್ಟದ್ದು ಅಲ್ಲಿಂದ. ಅವನ ಹೆಸರು ಯಾವ ಅಡ್ಡರಸ್ತೆಗೂ ಇಲ್ಲ.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿಗೆಂದೇ ಕಾಯ್ದೆಯಾಗಿ, ಹಿರಿಯರು ಇಂದಿಗೂ ಸಿ.ಐ.ಟಿ.ಬಿ. ಎನ್ನುವ ಮಂಡಳಿ ಹುಟ್ಟಿತು. 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಒಂದರ ಹಿಂದೊಂದು ಬಂದವು. ಜಾಲಹಳ್ಳಿ, ಯಶವಂತಪುರದ ಕಡೆ ಬೆಳಗ್ಗೆ ಸೈರನ್ನಿಗೆ ಊರೇ ಏಳುವಂತಾಯಿತು. 1941ರ ಜನಗಣತಿಯಲ್ಲಿ ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದ ಜನ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂದಿದ್ದರು. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಅಷ್ಟು ಜನಕ್ಕೆ ಸೂರು ಎಲ್ಲಿಂದ ಬರಬೇಕು?

ಬಾಡಿಗೆ ಮನೆಗೂ ಸರ್ಕಾರ ಕೈ ಹಾಕಿದ ಕಾಲವೊಂದಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮನೆ ಖಾಲಿಯಾದರೆ ಮಾಲೀಕ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಅಧಿಕಾರಿ ಅದನ್ನು ಬೇಕಾದವರಿಗೆ ಹಂಚಬಹುದು. ಮನೆ ನನ್ನದು, ಬಾಡಿಗೆದಾರನನ್ನು ಆರಿಸುವುದು ಸರ್ಕಾರ ಎಂದರೆ ಯಾವ ಮಾಲೀಕ ಒಪ್ಪುತ್ತಾನೆ? ‘ಖಾಲಿಯೇ ಆಗಿಲ್ಲ, ನಮ್ಮ ಭಾವಮೈದುನ ಇದ್ದಾನೆ’ ಎಂಬ ಉತ್ತರಗಳ ಬಗ್ಗೆ ಅಮ್ಮನ ಕಚೇರಿಯ ಹಿರಿಯರು ನಗುತ್ತಾ ಹೇಳುತ್ತಿದ್ದರಂತೆ. ಆ ಕಾಯ್ದೆಯ ಜಾಗಕ್ಕೆ 1999ರ ಹೊಸ ಬಾಡಿಗೆ ಕಾಯ್ದೆ ಬಂತು.

ಮನೆಗಳನ್ನೇ ಕಟ್ಟಿ ಕೊಡುವುದಕ್ಕೆ 1956ರಲ್ಲಿ ಮೈಸೂರು ಗೃಹ ಮಂಡಳಿ ಆರಂಭವಾಯಿತು. ಅದೇ ಮುಂದೆ 1962ರ ಕಾಯ್ದೆಯಡಿ ಈಗ ನಾವು ಕರ್ನಾಟಕ ಗೃಹ ಮಂಡಳಿ ಎನ್ನುವ ಸಂಸ್ಥೆ. 1970ರಲ್ಲಿ ಕೇಂದ್ರದ ಹುಡ್ಕೊ ಹುಟ್ಟಿ ಇಂಥ ಮಂಡಳಿಗಳಿಗೆ ಸಾಲ ಕೊಡತೊಡಗಿದ ಮೇಲೆ ಮನೆಗಳಿಗೂ ಜಾತಿ ಬಂತು: ಇ.ಡಬ್ಲ್ಯು.ಎಸ್., ಎಲ್.ಐ.ಜಿ., ಎಂ.ಐ.ಜಿ., ಎಚ್.ಐ.ಜಿ. ಯಲಹಂಕ ಉಪನಗರದಲ್ಲಿ ಇವತ್ತಿಗೂ ವಿಳಾಸ ಕೇಳಿದರೆ ‘ಎಂ.ಐ.ಜಿ. ಇಂಥ ನಂಬರು’ ಎಂದೇ ಹೇಳುತ್ತಾರೆ. ವರಮಾನದ ಲೆಕ್ಕದಲ್ಲಿ ಮನೆಗಿಟ್ಟ ಹೆಸರನ್ನು ಜನ ಬೇಜಾರಿಲ್ಲದೆ ಗೇಟಿನ ಮೇಲೆ ಬರೆಸಿಕೊಂಡಿದ್ದಾರೆ! 1976ರಲ್ಲಿ ಸಿ.ಐ.ಟಿ.ಬಿ. ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. 1971ರಲ್ಲಿ 16 ಲಕ್ಷ ದಾಟಿದ್ದ ಊರು 1981ಕ್ಕೆ 29 ಲಕ್ಷ ಆಗಿತ್ತು. ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಆರ್.ಟಿ. ನಗರದಲ್ಲಿ ನಾವು ಬಾಡಿಗೆಗೆ ಇದ್ದದ್ದು ಆ ಕಾಲದಲ್ಲಿ. ಹೆಬ್ಬಾಳದ ಕಡೆ ನಡೆದರೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರಗಳು ಇನ್ನೂ ಇದ್ದವು. ವರ್ಷವರ್ಷವೂ ಒಂದೊಂದು ಚಪ್ಪರ ಕಮ್ಮಿಯಾಗಿ ಅಲ್ಲಿ ಕಲ್ಲು ನೆಟ್ಟಿರುತ್ತಿತ್ತು.

ಅಪ್ಪ ತೀರಿಕೊಂಡದ್ದು 1977ರಲ್ಲಿ. ನನಗಾಗ ಏಳು ವರ್ಷ. ಅನುಕಂಪದ ಮೇಲೆ ಅಮ್ಮನಿಗೆ ಬೆರಳಚ್ಚುಗಾರ್ತಿಯ ಕೆಲಸ ಸಿಕ್ಕಿತು. ಅದುವರೆಗೆ ಅಮ್ಮ ಕಂಡಿದ್ದ ಯಂತ್ರ ಹೊಲಿಗೆ ಯಂತ್ರ ಒಂದೇ. ಸಂಜೆ ಮಲ್ಲೇಶ್ವರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕಲಿತಳು. ಕಿಟಕಿಯ ಹೊರಗೆ ಜಗಲಿಯ ಮೇಲೆ ಕೂತು ನಾನು ಮಗ್ಗಿ ಬರೆಯುತ್ತಿದ್ದೆ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯ್ದೆ 1963ರಲ್ಲೇ ಬಂದಿದ್ದರೂ ಕಚೇರಿಗಳಲ್ಲಿ ಇಂಗ್ಲಿಷಿನದೇ ಕಾರುಬಾರು. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚಿಗೆ ಕೀಲಿಮಣೆ ರೂಪಿಸಿಕೊಟ್ಟಿರದಿದ್ದರೆ, 1982ರ ಗೋಕಾಕ್ ಚಳವಳಿಯ ಆಮೇಲೆ ಕನ್ನಡ ಕನ್ನಡ ಎಂದು ಎಲ್ಲರೂ ಅಂದಾಗ ಕನ್ನಡದಲ್ಲಿ ಹೊಡೆಯುವುದಕ್ಕೆ ಏನಿರುತ್ತಿತ್ತು ಎಂದು ಅಮ್ಮ ಕೇಳುತ್ತಿದ್ದಳು. ಅವಳ ವಿಭಾಗದಲ್ಲಿ ಕನ್ನಡ ಯಂತ್ರ ಇದ್ದದ್ದು ಒಂದು. ಅದಕ್ಕೆ ಕೂತವಳು ಅಮ್ಮ.

ಕಚೇರಿಯ ಕೆಲಸ ಹೊರಗಿನವರಿಗೆ ನಿದ್ದೆ ಬರಿಸುವಂಥದ್ದು. ಆದರೂ ಹೇಳುತ್ತೇನೆ. ಅರ್ಜಿ ಬಂದರೆ ಮೊದಲು ಆವಕ ಪುಸ್ತಕ. ಅಲ್ಲಿ ದಿನಾಂಕ, ಸಂಖ್ಯೆ. ಆಮೇಲೆ ವಿಷಯ ನಿರ್ವಾಹಕರ ಮೇಜು. ಅವರು ಕಡತ ತೆರೆದು, ಒಂದು ಪಕ್ಕ ಪತ್ರಗಳನ್ನೂ ಇನ್ನೊಂದು ಪಕ್ಕ ಟಿಪ್ಪಣಿಯನ್ನೂ ಇಟ್ಟು, ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಬರೆದು ಮೇಲಕ್ಕೆ ಕಳಿಸುತ್ತಾರೆ. ಸೂಪರಿಂಟೆಂಡೆಂಟು, ಅವರ ಮೇಲಿನವರು, ಇನ್ನೂ ಮೇಲಿನವರು. ಕಡತ ಮೆಟ್ಟಿಲು ಹತ್ತಿ ಇಳಿದು ಬರುವಾಗ ಆದೇಶ ಹೊತ್ತು ಬರುತ್ತದೆ. ಅದು ಅಮ್ಮನ ಯಂತ್ರಕ್ಕೆ ಬಂದು, ಕಾರ್ಬನ್ ಇಟ್ಟು ಮೂರು ಪ್ರತಿಯಾಗಿ, ಸಹಿಯಾಗಿ, ಜಾವಕ ಪುಸ್ತಕದಲ್ಲಿ ಸಂಖ್ಯೆ ಪಡೆದು ಅಂಚೆಗೆ ಹೋಗುತ್ತದೆ. ಹಂಚಿಕೆ ಪತ್ರ, ಹಣ ಕಟ್ಟಿದ ಚಲನ್, ಸ್ವಾಧೀನ ಪತ್ರ, ಹತ್ತು ವರ್ಷದ ಲೀಸ್ ಕಂ ಸೇಲ್ ಕರಾರು, ಕೊನೆಗೆ ಕ್ರಯಪತ್ರ, ಖಾತೆ. ಇಷ್ಟೂ ಕಾಗದಗಳ ದಾರಿ ನಡೆದ ಮೇಲೆ ಒಬ್ಬನಿಗೆ ‘ನನ್ನ ಮನೆ’ ಎನ್ನುವ ಹಕ್ಕು. ಇಪ್ಪತ್ತು ಮೂವತ್ತು ಅಡಿಯದಾದರೂ ಅಷ್ಟೇ ಕಾಗದ, ಐವತ್ತು ಎಂಬತ್ತು ಅಡಿಯದಾದರೂ ಅಷ್ಟೇ.

‘ಮನೆ ನಿಲ್ಲೋದು ಪಾಯದ ಮೇಲಲ್ಲ ಕಣೇ, ಹೆಸರಿನ ಮೇಲೆ’ ಎನ್ನುತ್ತಿದ್ದಳು ಅಮ್ಮ. ಅದು ಅವಳಿಗೆ ಗೊತ್ತಾದದ್ದು ಹೀಗೆ.

1990ರಲ್ಲಿ ಒಬ್ಬ ಹೆಂಗಸು ಕಚೇರಿಗೆ ಬಂದಳು. ಗಂಡ ಇಲ್ಲ. ಹೆಬ್ಬಾಳದಾಚೆ ದ್ರಾಕ್ಷಿ ತೋಟವೊಂದರಲ್ಲಿ ಕೂಲಿ ಮಾಡುತ್ತಿದ್ದವಳು. ತೋಟ ಬಡಾವಣೆಯಾದ ಮೇಲೆ ಅದೂ ಇಲ್ಲ. ಬಡವರ ಮನೆಗೆ ಅರ್ಜಿ ಹಾಕಿದ್ದಳು. ಜೊತೆಗೆ ಹಾಕಿದವರಿಗೆಲ್ಲ ಪತ್ರ ಬಂದಿದೆ, ತನಗೆ ಬಂದಿಲ್ಲ ಎಂದು ಕೇಳಲು ಬಂದಿದ್ದಳು. ಕಡತ ತೆಗೆದು ನೋಡಿದರೆ ಅವಳ ಹಂಚಿಕೆ ರದ್ದಾಗಿತ್ತು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಪತ್ರ ‘ಈ ವಿಳಾಸದಲ್ಲಿ ಇಂಥವರು ಇಲ್ಲ’ ಎಂದು ಹಿಂದಿರುಗಿತ್ತು. ಗಡುವಿನೊಳಗೆ ಹಣ ಕಟ್ಟಿಲ್ಲ ಎಂದು ನಿಯಮದ ಪ್ರಕಾರ ಮನೆ ಮುಂದಿನವರಿಗೆ ಹೋಗಿತ್ತು. ಹಿಂದಿರುಗಿದ ಲಕೋಟೆ ಕಡತದಲ್ಲೇ ಹೊಲಿದುಕೊಂಡು ಕೂತಿತ್ತು. ಅದರ ಮೇಲೆ ಹೆಸರಿನ ಕೊನೆಯಲ್ಲಿ ‘ಮ್ಮ’ ಇರಬೇಕಾದ ಕಡೆ ‘ಪ್ಪ’ ಇತ್ತು.

ಆ ಹೆಸರಿನ ಗಂಡಸು ಆ ಹಳ್ಳಿಯಲ್ಲಿ ಇರಲಿಲ್ಲ. ಪೋಸ್ಟ್‌ಮ್ಯಾನ್ ಸತ್ಯವನ್ನೇ ಬರೆದಿದ್ದ. ಕಚೇರಿ ಪ್ರತಿಯ ಕೆಳಗೆ, ಎಡಮೂಲೆಯಲ್ಲಿ, ಹೊಡೆದವರ ಎರಡಕ್ಷರ. ಅದು ಅಮ್ಮನದು. ಆ ದಿನ ನೂರಕ್ಕೂ ಮೇಲೆ ಪತ್ರ ಹೊಡೆದಿದ್ದಳು. ಹಿಂದಿನ ಹೆಸರುಗಳೆಲ್ಲ ‘ಪ್ಪ’ದಲ್ಲೇ ಮುಗಿದಿದ್ದವು. ಕೈ ರೂಢಿಯಲ್ಲಿ ಓಡಿತ್ತು.

ಸಹೋದ್ಯೋಗಿಗಳು ಕೆಟ್ಟವರಲ್ಲ. ಅಮ್ಮನ ಮೇಲಿನ ಕನಿಕರದಿಂದಲೇ ಒಂದು ದಾರಿ ಹೇಳಿದರು. ‘ಅರ್ಜಿದಾರರ ಹೆಸರಿನಲ್ಲಿ ವ್ಯತ್ಯಾಸವಿರುವುದರಿಂದ ಪ್ರಮಾಣಪತ್ರ ಸಲ್ಲಿಸತಕ್ಕದ್ದು’ ಎಂದು ಒಂದು ಷರಾ ಬರೆದರೆ ಸಾಕು. ತಪ್ಪು ಯಾರದೂ ಆಗುವುದಿಲ್ಲ. ಅವಳು ಕೋರ್ಟಿನ ಹತ್ತಿರ ಛಾಪಾ ಕಾಗದ ಕೊಂಡು, ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿ, ತಾನು ತಾನೇ ಎಂದು ಸಾಬೀತು ಮಾಡಿಕೊಂಡು ಬರಬೇಕು. ಇದನ್ನು ಅವಳಿಗೆ ತಿಳಿಸಿ ಹೇಳಿದಾಗ ಅವಳು, ‘ನಾನು ಹೆಂಗ್ಸು ಅಂತ ಬರ್ಕೊಡಾಕೆ ಯಾರ್ ತಾವ ಹೋಗ್ಲಿ ತಾಯಿ?’ ಎಂದಳಂತೆ. ಸುತ್ತಲಿದ್ದವರು ನಕ್ಕರಂತೆ. ಅವಳೂ ನಕ್ಕಳಂತೆ. ಅಮ್ಮನಿಗೆ ನಗು ಬರಲಿಲ್ಲ.

ಮರುದಿನ ಅಮ್ಮ ತಾನೇ ಒಂದು ಟಿಪ್ಪಣಿ ಹೊಡೆದು ಸೂಪರಿಂಟೆಂಡೆಂಟರ ಮುಂದಿಟ್ಟಳು. ಅರ್ಜಿಯಲ್ಲಿ ಹೆಸರು ಸರಿಯಾಗಿಯೇ ಇದೆ, ತಪ್ಪು ಬೆರಳಚ್ಚಿನದು, ಹೊಡೆದವಳು ನಾನು, ರದ್ದತಿಯನ್ನು ಮರುಪರಿಶೀಲಿಸಲು ಕೋರಿದೆ, ಎಂದು. ಕಾಗದಕ್ಕೆ ಒಂದು ಗುಣವಿದೆ. ಒಮ್ಮೆ ಕಡತ ಸೇರಿದ್ದನ್ನು ಯಾರೂ ಕಾಣದಂತೆ ಇರಲಾರರು. ಅಮ್ಮನಿಗೆ ಕಾರಣ ಕೇಳಿ ನೋಟಿಸು ಬಂತು. ವಿಚಾರಣೆ ಎಂದಾಯಿತು. ವಿಚಾರಣೆ ಬಾಕಿ ಇರುವವರಿಗೆ ಬಡ್ತಿ ಇಲ್ಲ. ಅಮ್ಮನಿಗಿಂತ ಹಿಂದೆ ಸೇರಿದ ಇಬ್ಬರು ಅವಳನ್ನು ದಾಟಿ ಮುಂದೆ ಹೋದರು. ಎರಡು ವರ್ಷದ ಮೇಲೆ ಎಚ್ಚರಿಕೆ ಕೊಟ್ಟು ಮುಗಿಸಿದರು.

ಆಗ ನಾನು ಬಿ.ಎ. ಮುಗಿಸಿ ಬಿ.ಎಡ್.ಗೆ ಸೇರುವ ಆಸೆಯಲ್ಲಿದ್ದೆ. ಬಡ್ತಿಯ ಹಣ ನಂಬಿಕೊಂಡಿದ್ದ ಫೀಸಿಗೆ ಆ ವರ್ಷ ದಾರಿಯಾಗಲಿಲ್ಲ. ಒಂದು ವರ್ಷ ಆರ್.ಟಿ. ನಗರದ ಮನೆಮನೆಗೆ ಹೋಗಿ ಪಾಠ ಹೇಳಿ ಕೂಡಿಸಿಕೊಂಡೆ. ಒಂದು ರಾತ್ರಿ ಊಟಕ್ಕೆ ಕೂತಾಗ, ‘ಊರಿನವರಿಗೆಲ್ಲ ಮನೆ ಕೊಡಿಸೋಕೆ ಹೋಗಿ ನಮ್ಮನೆ ಕೆಡಿಸಿದೆ’ ಎಂದುಬಿಟ್ಟೆ. ಅಮ್ಮ ಮಾತಾಡಲಿಲ್ಲ. ಎದ್ದು ಹೋಗಿ ಮಜ್ಜಿಗೆ ತಂದು ಬಡಿಸಿದಳು. ಆ ಮಜ್ಜಿಗೆಯ ಹುಳಿ ನನ್ನ ನಾಲಿಗೆಯ ಮೇಲೆ ಇವತ್ತಿಗೂ ಇದೆ.

ಆ ಹೆಂಗಸಿಗೆ ಮೊದಲಿನ ಮನೆ ಸಿಗಲಿಲ್ಲ. ಅಲ್ಲಿ ಆಗಲೇ ಬೇರೆಯವರು ಹಾಲು ಉಕ್ಕಿಸಿದ್ದರು. ಮುಂದಿನ ಪಟ್ಟಿಯಲ್ಲಿ ಬೇರೊಂದು ಮನೆ ಸಿಕ್ಕಿತು. ಒಂದು ಭಾನುವಾರ ಬುಟ್ಟಿಯಲ್ಲಿ ದ್ರಾಕ್ಷಿ ಇಟ್ಟುಕೊಂಡು ಮನೆ ಹುಡುಕಿಕೊಂಡು ಬಂದಳು. ಅಮ್ಮ ಅವಳಿಗೆ ಕಾಫಿ ಕೊಟ್ಟು, ಎರಡು ಸೇರು ತೂಗಿಸಿ ದುಡ್ಡು ಕೊಟ್ಟಳು. ಅವಳು ಬೇಡ ಎನ್ನಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಇಬ್ಬರೂ ಬದುಕು ತಿಳಿದವರು.

ಇಷ್ಟೇ ಆಗಿದ್ದರೆ ಅಮ್ಮನ ಗುಣಗಾನ ಮಾಡಿ ನಿಲ್ಲಿಸಬಹುದಿತ್ತು. ಆದರೆ ನನ್ನದೂ ಒಂದು ಲೆಕ್ಕ ಬಾಕಿ ಇದೆ.

ನಾನು ಮೇಷ್ಟ್ರಮ್ಮನಾದ ಮೇಲೆ ಶಾಲೆಯ ದಾಖಲಾತಿ ಪುಸ್ತಕ ಬರೆಯುವ ಕೆಲಸ ಎಷ್ಟೋ ವರ್ಷ ನನ್ನ ಪಾಲಿಗಿತ್ತು. ಅದೂ ಹೆಸರಿನ ಕೆಲಸವೇ. ಒಂದನೆಯ ತರಗತಿಯಲ್ಲಿ ಬರೆದದ್ದೇ ಟಿ.ಸಿ.ಗೆ ಹೋಗುತ್ತದೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತದೆ, ಅಲ್ಲಿಂದ ಮಗುವಿನ ಜನ್ಮಕ್ಕಂಟುತ್ತದೆ. ಒಮ್ಮೆ ಗಾರೆ ಕೆಲಸದ ಒಬ್ಬ ತಂದೆ ಬಂದರು. ಮಗಳ ಹುಟ್ಟಿದ ತಾರೀಖು ಟಿ.ಸಿ.ಯಲ್ಲಿ ತಪ್ಪಾಗಿದೆ, ಆಸ್ಪತ್ರೆಯ ಚೀಟಿ ಇದು, ಎಂದರು. ನಾನು ಪುಸ್ತಕ ತೆಗೆದು ನೋಡಿದೆ. 1 ಎಂದಿರಬೇಕಾದದ್ದು 7 ಆಗಿತ್ತು. ಬರವಣಿಗೆ ನನ್ನದು. ಪುಸ್ತಕ ಮುಚ್ಚಿ, ‘ಕೋರ್ಟಿಂದ ಅಫಿಡವಿಟ್ ಮಾಡಿಸಿಕೊಂಡು ಬನ್ನಿ’ ಎಂದೆ. ಅವರು ‘ಆಗಲಿ ಮೇಡಂ’ ಎಂದು ಕೈ ಮುಗಿದು ಹೋದರು. ಎರಡು ದಿನದ ಕೂಲಿ ಬಿಟ್ಟು ಅಲೆದು ತಂದುಕೊಟ್ಟರು. ತಿದ್ದಿಕೊಟ್ಟೆವು.

ನಿವೃತ್ತಳಾಗಿ ಮನೆಯಲ್ಲಿದ್ದ ಅಮ್ಮನಿಗೆ ಆ ಸಂಜೆ ಇದನ್ನು ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೂ ಕಟ್ಟುತ್ತಿದ್ದವಳು ತಲೆ ಎತ್ತದೆ, ‘ಅಫಿಡವಿಟ್‌ಗೆ ಎಷ್ಟಾಯ್ತಂತೆ?’ ಎಂದಳು, ಅಷ್ಟೆ. ನಾನು ಕೇಳಿರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿಯವರಿಗೆ ವಿಷಯ ತಿಳಿಸಿ, ಷರಾ ಕಾಲಮಿನಲ್ಲಿ ಕೆಂಪು ಮಸಿಯಲ್ಲಿ ‘ಮೂಲ ನಮೂದಿನ ತಪ್ಪು ಶಾಲೆಯದು, ಪೋಷಕರದಲ್ಲ’ ಎಂದು ಬರೆದು ಸಹಿ ಹಾಕಿದೆ. ಅವರೂ ಮೇಲುಸಹಿ ಹಾಕಿದರು. ಆ ತಂದೆಯ ಎರಡು ದಿನದ ಕೂಲಿ ಅದರಿಂದ ವಾಪಸು ಬರಲಿಲ್ಲ. ಅವರು ಆ ಹೊತ್ತಿಗೆ ಬೇರೆ ಕಟ್ಟಡದ ಕೆಲಸಕ್ಕೆ ಊರಿನ ಇನ್ನೊಂದು ಮೂಲೆಗೆ ಹೋಗಿದ್ದರು. ಆ ಪುಟವನ್ನು ಇದುವರೆಗೆ ಯಾರೂ ತೆಗೆದು ನೋಡಿದಂತಿಲ್ಲ. ನೋಡಬೇಕೆಂದೂ ಇಲ್ಲ.

ಈಗ ಕಾಲ ಬದಲಾಗಿದೆ. ಟೈಪ್‌ರೈಟರುಗಳು ಗುಜರಿಗೆ ಹೋದವು. ಕಂಪ್ಯೂಟರಿನಲ್ಲಿ ‘ನುಡಿ’ ಬಂತು. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ಕಡತದ ಟಿಪ್ಪಣಿಯನ್ನು ಸಾಮಾನ್ಯರೂ ಕೇಳಿ ಪಡೆಯಬಹುದು. ಅರ್ಜಿಗೆ ಇಷ್ಟು ದಿನದಲ್ಲಿ ಉತ್ತರ ಎಂದು ಗೊತ್ತುಪಡಿಸುವ ಸಕಾಲ ಕಾಯ್ದೆ 2011ರದು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರಗಳ ನಗರಸಭೆಗಳು ಬೃಹತ್ ಮಹಾನಗರ ಪಾಲಿಕೆಯಲ್ಲಿ ಕರಗಿದವು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಖಾತೆ ಈಗ ಇ-ಖಾತೆ. ಆದರೂ ಯಾವ ಕೌಂಟರಿನ ಮುಂದೆ ನಿಂತರೂ ‘ಆಧಾರದಲ್ಲಿ ಹೀಗಿದೆ, ಪತ್ರದಲ್ಲಿ ಹಾಗಿದೆ’ ಎಂದು ಒಂದಕ್ಷರ ಹಿಡಿದು ನಿಂತವರು ಕಾಣುತ್ತಾರೆ. ಆ ಒಂದಕ್ಷರ ಯಾರದೋ ಕೈ ರೂಢಿಯಲ್ಲಿ ಓಡಿ ಆದದ್ದು. ಅಲೆಯುವವರು ಮಾತ್ರ ಬೇರೆ. ಅಮ್ಮನ ಕಾಲದಲ್ಲಿ ಪ್ರತಿಯ ಎಡಮೂಲೆಯಲ್ಲಿ ಹೊಡೆದವರ ಎರಡಕ್ಷರವಾದರೂ ಇರುತ್ತಿತ್ತು.

ಆ ಹುಡುಗಿಗೆ ಉತ್ತರ ಕೊಡುವುದು ಉಳಿದಿತ್ತು. ಮುಂದಿನ ಪಾಠದ ದಿನ ಅಮ್ಮನ ದಬ್ಬಳವನ್ನೂ ದಾರದ ಉಂಡೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಮೇಜಿನ ಮೇಲಿಟ್ಟು, ಇದು ಏನು ಹೇಳಿ ಎಂದೆ. ಗೋಣಿಚೀಲ ಹೊಲಿಯುವುದು ಎಂದ ಒಬ್ಬ. ಚಪ್ಪಲಿ ಹೊಲಿಯುವುದು ಎಂದಳು ಇನ್ನೊಬ್ಬಳು. ‘ಊರು ಹೊಲಿಯುವುದು’ ಎಂದು ಹೇಳಿ, ಆವಕ ಜಾವಕದಿಂದ ಶುರುಮಾಡಿದೆ. ಗಂಟೆ ಹೊಡೆದರೂ ಹಿಂದಿನ ಬೆಂಚಿನ ಆ ಹುಡುಗಿ ಏಳಲಿಲ್ಲ. ‘ಆಮೇಲೆ ಆ ದ್ರಾಕ್ಷಿ ಅಜ್ಜಿಗೆ ಮನೆ ಸಿಕ್ತಾ ಮಿಸ್?’ ಎಂದು ಕೇಳಿದಳು. ಸಿಕ್ಕಿತು, ಎರಡು ವರ್ಷ ತಡವಾಗಿ, ಎಂದೆ.